ವಾಟ್ಸಾಪ್, ಸಿಗ್ನಲ್ ಮತ್ತು ಕಕ್ಷಿದಾರರ ಫೋನು: ನನ್ನ ಅನುಭವ

ಮಂಗಳೂರಿನಲ್ಲಿ ನಾನು ನಡೆಸುವುದು ಹೆಚ್ಚಾಗಿ ಕೌಟುಂಬಿಕ ನ್ಯಾಯಾಲಯದ ಕೇಸುಗಳು. ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ, ಆಗಾಗ ಕೌಟುಂಬಿಕ ದೌರ್ಜನ್ಯದ ಅರ್ಜಿ. ಆಸ್ತಿ ವ್ಯಾಜ್ಯದಲ್ಲಿ ಎದುರುಪಕ್ಷದವರು ಬೇರೆ ಊರಿನಲ್ಲಿರಬಹುದು. ನನ್ನ ಕೇಸುಗಳಲ್ಲಿ ಅವರು ಬಹಳ ಸಲ ಅದೇ ಮನೆಯಲ್ಲಿ, ಅದೇ ವೈಫೈನಲ್ಲಿ ಇರುತ್ತಾರೆ. ಕಕ್ಷಿದಾರರ ಜೊತೆ ಯಾವ ಆ್ಯಪ್‌ನಲ್ಲಿ ಮಾತಾಡಬೇಕು ಅನ್ನುವುದಕ್ಕೆ ನಮ್ಮ ಆಫೀಸಿನಲ್ಲಿ ಈಗ ಒಂದು ಪದ್ಧತಿ ಅಂತ ನಿಂತಿದೆ. ಜೂನಿಯರ್‌ಗಳೂ ಬೇರೆ ವಕೀಲ ಮಿತ್ರರೂ ಕೇಳುತ್ತಿರುತ್ತಾರೆ, ಅದಕ್ಕೆ ಬರೆದಿಡುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಶುರುವಾದದ್ದು ಎಲ್ಲರಿಗೂ ಶುರುವಾದಾಗಲೇ, 2021ರ ಜನವರಿಯಲ್ಲಿ. ಹೊಸ ಪ್ರೈವೆಸಿ ಪಾಲಿಸಿಗೆ ಫೆಬ್ರವರಿ 8ರೊಳಗೆ ಒಪ್ಪಿಗೆ ಕೊಡಿ ಎಂದು ವಾಟ್ಸಾಪ್ ನೋಟಿಸ್ ತೋರಿಸಿತು. ಸಿಗ್ನಲ್ ಬಳಸಿ ಎಂದು ಇಲಾನ್ ಮಸ್ಕ್ ಎರಡೇ ಪದದ ಟ್ವೀಟ್ ಹಾಕಿದರು. ಆ ವಾರ ಸಿಗ್ನಲ್‌ಗೆ ನುಗ್ಗಿದವರ ಸಂಖ್ಯೆ ಎಷ್ಟಿತ್ತೆಂದರೆ ವೆರಿಫಿಕೇಶನ್ ಕೋಡ್ ಬರುವುದೇ ತಡವಾಗುತ್ತಿತ್ತು, ತಿಂಗಳ ಮಧ್ಯದಲ್ಲಿ ಸೇವೆಯೇ ಕೆಲಕಾಲ ನಿಂತುಹೋಯಿತು. ವಕೀಲರ ಗ್ರೂಪುಗಳಲ್ಲಿ "ಇನ್ನು ನಮ್ಮ ಮೆಸೇಜೆಲ್ಲ ಫೇಸ್‌ಬುಕ್ ಓದುತ್ತದೆ" ಎಂಬ ಫಾರ್ವರ್ಡು ಹರಿದಾಡಿದ್ದೂ ವಾಟ್ಸಾಪ್‌ನಲ್ಲೇ. ನಾನೂ ಆಫೀಸಿನವರನ್ನೆಲ್ಲ ಸಿಗ್ನಲ್‌ಗೆ ಹತ್ತಿಸಿದೆ. ಗುಮಾಸ್ತರು ಮಾತ್ರ "ಇದರಲ್ಲಿ ಗುಡ್ ಮಾರ್ನಿಂಗ್ ಕಳಿಸೋರೇ ಇಲ್ಲವಲ್ಲ" ಎಂದು ಬೇಜಾರು ಮಾಡಿಕೊಂಡರು.

ಗಲಾಟೆ ತಣ್ಣಗಾದ ಮೇಲೆ ಆ ಪಾಲಿಸಿಯನ್ನು ಕೂತು ಓದಿದೆ. ಕರಾರು ಓದುವುದೇ ನಮ್ಮ ಹೊಟ್ಟೆಪಾಡಾದ್ದರಿಂದ ಇದು ಕಷ್ಟದ ಕೆಲಸವೇನಲ್ಲ. ಇಬ್ಬರ ನಡುವಿನ ಖಾಸಗಿ ಸಂದೇಶದ ಎನ್‌ಕ್ರಿಪ್ಶನ್ (ಬೇರೆಯವರಿಗೆ ಓದಲಾಗದಂತೆ ಹಾಕುವ ಬೀಗ) ಅದರಿಂದ ಬದಲಾಗಿರಲಿಲ್ಲ. ಬದಲಾವಣೆ ಇದ್ದದ್ದು ಬಿಸಿನೆಸ್ ಖಾತೆಗಳ ಜೊತೆಗಿನ ಮಾತುಕತೆ ಮತ್ತು ಫೇಸ್‌ಬುಕ್ ಬಳಗದೊಳಗೆ ಹಂಚುವ ಮಾಹಿತಿಯ ವಿಷಯದಲ್ಲಿ. ಗಡುವು ಮೇ 15ಕ್ಕೆ ಹೋಯಿತು. ಅದೇ ಪಾಲಿಸಿಯ ಕಾರಣಕ್ಕೆ 2024ರ ನವೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ವಾಟ್ಸಾಪ್, ಫೇಸ್‌ಬುಕ್ ಎರಡರ ಒಡೆಯ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಜನರ ಸಿಟ್ಟಿಗೆ ಕಾರಣ ಇತ್ತು, ಆದರೆ ಅವರು ಹೆದರಿದ್ದ ವಿಷಯವೇ ಬೇರೆ.

ಇನ್ನೊಂದು ಸಂಗತಿ ಆಗ ಗಮನಕ್ಕೆ ಬಂತು. 2016ರ ಏಪ್ರಿಲ್‌ನಿಂದ ವಾಟ್ಸಾಪ್ ಬಳಸುತ್ತಿರುವುದು ಸಿಗ್ನಲ್‌ನವರೇ ರೂಪಿಸಿದ ಪ್ರೋಟೋಕಾಲನ್ನು. ಅಂದರೆ ನನ್ನ ಫೋನಿಂದ ನಿಮ್ಮ ಫೋನಿಗೆ ಹೋಗುವ ಸಂದೇಶಕ್ಕೆ ಎರಡರಲ್ಲೂ ಒಂದೇ ಜಾತಿಯ ಬೀಗ. ವ್ಯತ್ಯಾಸ ಇರುವುದು ಸಂದೇಶದ ಸುತ್ತಮುತ್ತ: ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಗ್ರೂಪಿನಲ್ಲಿ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದು ಸಮನ್ಸ್ ಕಳಿಸಿದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಅಷ್ಟೆ. ಬೇರೇನೂ ಅವರ ಬಳಿ ಇರಲಿಲ್ಲ. ಕಂಪನಿಯ ಮಾತು ನಂಬುವುದಕ್ಕಿಂತ ಇಂಥ ದಾಖಲೆಯನ್ನು ನಂಬುವುದು ನನಗೆ ಸಲೀಸು. ವಾಟ್ಸಾಪ್ ಬಳಿ ಇರುವ ಮಾಹಿತಿ ಇದಕ್ಕಿಂತ ಎಷ್ಟೋ ಹೆಚ್ಚು.

ಟೆಲಿಗ್ರಾಂ ಸೇಫ್ ಅಂತ ಹೇಳುವವರು ನಮ್ಮ ಕೋರ್ಟ್ ಆವರಣದಲ್ಲಿ ಈಗಲೂ ಇದ್ದಾರೆ. ಅದರ ಮಾಮೂಲಿ ಚಾಟ್‌ಗಳು, ಗ್ರೂಪುಗಳು ಎಂಡ್-ಟು-ಎಂಡ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಗೂ ಓದಲಾಗದ ಬೀಗ) ಅಲ್ಲವೇ ಅಲ್ಲ, ಕಂಪನಿಯ ಸರ್ವರಿನಲ್ಲಿ ಕೂತಿರುತ್ತವೆ. ಸೀಕ್ರೆಟ್ ಚಾಟ್ ಅಂತ ಪ್ರತ್ಯೇಕವಾಗಿ ತೆರೆದರೆ ಮಾತ್ರ ಆ ರಕ್ಷಣೆ. ಸಿನಿಮಾ ಡೌನ್‌ಲೋಡಿಗೆ ಹೆಸರಾದ ಆ್ಯಪ್‌ಗೆ ಗೌಪ್ಯತೆಯ ಹೆಸರು ಹೇಗೆ ಬಂತೋ. 2025ರ ಸೆಪ್ಟೆಂಬರ್‌ನಲ್ಲಿ ಜೋಹೋ ಕಂಪನಿಯ ಮೆಸೇಜಿಂಗ್ ಆ್ಯಪ್ ಅರಟ್ಟೈಗೆ ಎಲ್ಲರೂ ಹೋಗುತ್ತಿದ್ದಾಗಲೂ ಕೆಲವು ಕಕ್ಷಿದಾರರು ಕೇಳಿದರು. ಆ ಹೊತ್ತಿಗೆ ಅದರಲ್ಲಿ ಪಠ್ಯ ಸಂದೇಶಗಳಿಗೆ ಎಂಡ್-ಟು-ಎಂಡ್ ಇರಲಿಲ್ಲ. ಮನೆಮಂದಿ ಹರಟೆಗೆ ಧಾರಾಳವಾಗಿ ಬಳಸಿ, ಕೇಸಿನ ಕಾಗದಕ್ಕೆ ಬೇಡ ಎಂದೆ.

ಇಷ್ಟೆಲ್ಲ ತಿಳಿದುಕೊಂಡು ಸಿಗ್ನಲ್ ಎಂದು ತೀರ್ಮಾನಿಸಿದರೆ, ಕಕ್ಷಿದಾರರು ಬರಬೇಕಲ್ಲ. "ಮೇಡಂ, ಅದು ಎಂಥ ಆ್ಯಪ್?" ಎನ್ನುವವರು ಒಂದು ಕಡೆ. ಇನ್ನೊಂದು ಕಡೆ, ಹಾಕಿಕೊಂಡವರಿಗೇ ತೊಂದರೆ. ಫೋನಿನಲ್ಲಿ ಇದ್ದಕ್ಕಿದ್ದಂತೆ ನೀಲಿ ಬಣ್ಣದ ಹೊಸ ಆ್ಯಪ್ ಕಂಡರೆ ಅನುಮಾನದ ಗಂಡನಿಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ. ಒಬ್ಬರು ಹಾಕಿಕೊಂಡ ದಿನ ಸಂಜೆಯೇ "ಅಣ್ಣನ ಮಗ ಏನೋ ಆಡುತ್ತಾ ಹಾಕಿದ" ಎಂದು ಸುಳ್ಳು ಹೇಳಿ ತೆಗೆಯಬೇಕಾಯಿತು.

ನನ್ನ ಯೋಚನೆಯನ್ನು ಪೂರ್ತಿ ತಿರುಗಿಸಿದ್ದು ಇನ್ನೊಬ್ಬರ ಪ್ರಕರಣ. ಮಧ್ಯಂತರ ಜೀವನಾಂಶಕ್ಕೆ ನಾವು ಎಷ್ಟು ಕೇಳಲಿದ್ದೇವೆ ಎಂಬುದು ಅರ್ಜಿ ಹಾಕುವ ಮೊದಲೇ ಗಂಡನಿಗೆ ಗೊತ್ತಿತ್ತು, ಅದೇ ಅಂಕಿ ಹೇಳಿ ಮನೆಯಲ್ಲಿ ಜಗಳ ತೆಗೆದಿದ್ದ. ಆಫೀಸಿನಿಂದ ಸೋರಿತೇ ಎಂದು ನನಗೆ ಆತಂಕ. ಅವರನ್ನು ಕರೆಸಿ, ಅವರ ಕೈಯಿಂದಲೇ ವಾಟ್ಸಾಪ್ ತೆರೆಸಿ, ಮೂಲೆಯ ಮೂರು ಚುಕ್ಕಿ ಒತ್ತಿಸಿ, "ಲಿಂಕ್ಡ್ ಡಿವೈಸಸ್" ತೋರಿಸಲು ಹೇಳಿದೆ. ಅಲ್ಲಿ ಗೂಗಲ್ ಕ್ರೋಮ್, ವಿಂಡೋಸ್ ಅಂತ ಒಂದು ಸಾಲು. ಕೊನೆಗೆ ಸಕ್ರಿಯವಾಗಿದ್ದು ಅವತ್ತೇ ಬೆಳಿಗ್ಗೆ. ಅವರಿಗೆ ಸ್ವಂತ ಕಂಪ್ಯೂಟರೇ ಇಲ್ಲ. ಯಾವಾಗಲೋ ಅವರು ಅಡುಗೆಮನೆಯಲ್ಲಿದ್ದಾಗ ಫೋನ್ ಎತ್ತಿಕೊಂಡು ಲ್ಯಾಪ್‌ಟಾಪ್ ಪರದೆಯ ಕ್ಯೂಆರ್ ಕೋಡಿಗೆ ಹಿಡಿದರೆ ಮುಗಿಯಿತು. ಆಮೇಲೆ ನಾನು ಕಳಿಸಿದ್ದೆಲ್ಲ ಎರಡೂ ಕಡೆ ಮೂಡುತ್ತಿತ್ತು. ಎನ್‌ಕ್ರಿಪ್ಶನ್ ಏನೂ ಮುರಿದಿರಲಿಲ್ಲ, ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಸಿಗ್ನಲ್‌ನಲ್ಲೂ ಇದೇ ಸೌಲಭ್ಯ ಇದೆ, ಆದ್ದರಿಂದ ಇದೇ ಅಪಾಯವೂ ಇದೆ.

ಇಂಥ ಸಂದರ್ಭಕ್ಕೆ ಎಲ್ಲರೂ ಕೊಡುವ ಸಲಹೆ "ತಕ್ಷಣ ಲಾಗ್‌ಔಟ್ ಮಾಡಿ". ನಾವು ಮಾಡಲಿಲ್ಲ. ಲಾಗ್‌ಔಟ್ ಆದ ಕ್ಷಣ ಆ ಮನುಷ್ಯನಿಗೆ ಗೊತ್ತಾಗುತ್ತದೆ, ಇವರು ಸಂಜೆ ಅದೇ ಮನೆಗೆ ಹೋಗಬೇಕು. ಅವರ ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆದರೆ ಗೂಗಲ್ ಫೋಟೋಸ್‌ಗೆ ಏರಿ ಗಂಡನಿಗೂ ಕಾಣಬಹುದು ಎಂದು, ನನ್ನ ಜೂನಿಯರ್ ತನ್ನ ಫೋನಿನಲ್ಲಿ ಆ ಪರದೆಯ ಫೋಟೋ ಹಿಡಿದರು. ಅವರು ತವರಿಗೆ ಹೋಗುವವರೆಗೆ ನಮ್ಮ ವಾಟ್ಸಾಪ್ ಮಾತುಕತೆ ಎಂದಿನಂತೆ ನಡೆಯಿತು, ಆದರೆ ವಾಯಿದೆಯ ತಾರೀಖು ಬಿಟ್ಟು ಬೇರೇನೂ ಅದರಲ್ಲಿರಲಿಲ್ಲ. ನಿಜವಾದ ವಿಷಯ ಅವರ ತಂಗಿಯ ಫೋನಿಗೆ ಕರೆ ಮಾಡಿ ಹೇಳುತ್ತಿದ್ದೆವು.

ತವರಿಗೆ ಹೋದ ಮೇಲೆ ಮಾಡಿದ ಕೆಲಸದಲ್ಲಿ ಆ್ಯಪ್ ಬದಲಿಸುವುದು ಕಟ್ಟಕಡೆಯದು. ಮೊದಲು ನೋಡಿದ್ದು ಸಿಮ್ ಯಾರ ಹೆಸರಿನಲ್ಲಿದೆ ಅಂತ. ಗಂಡನ ಹೆಸರಿನಲ್ಲಿತ್ತು, ನಮ್ಮ ಕಡೆ ಇದು ಬಹಳ ಸಾಮಾನ್ಯ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರು ಅಂಗಡಿಗೆ ಹೋಗಿ ಡೂಪ್ಲಿಕೇಟ್ ಸಿಮ್ ಪಡೆಯಬಹುದು, ಅದರಿಂದ ವಾಟ್ಸಾಪನ್ನು ಇನ್ನೊಂದು ಫೋನಿನಲ್ಲಿ ತೆರೆಯಬಹುದು. ಎರಡನೆಯದು ಗೂಗಲ್ ಖಾತೆ. ಫೋನ್ ಕೊಡಿಸಿದ ದಿನ ಜಿಮೇಲ್ ಮಾಡಿಕೊಟ್ಟವನೂ ಗಂಡನೇ, ಪಾಸ್‌ವರ್ಡ್ ಅವನಿಗೇ ಗೊತ್ತು. ಚಾಟ್ ಬ್ಯಾಕಪ್ ಹೋಗುತ್ತಿದ್ದದ್ದು ಆ ಖಾತೆಯ ಡ್ರೈವ್‌ಗೆ. ಬ್ಯಾಕಪ್‌ಗೂ ಎಂಡ್-ಟು-ಎಂಡ್ ಬೀಗ ಹಾಕುವ ಆಯ್ಕೆಯನ್ನು ವಾಟ್ಸಾಪ್ 2021ರಲ್ಲಿ ತಂದಿತು, ಆದರೆ ಅದನ್ನು ನಾವೇ ಆನ್ ಮಾಡಿ ಪಾಸ್‌ವರ್ಡನ್ನೋ 64 ಅಂಕಿಯ ಕೀಯನ್ನೋ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕಾವಲಿಟ್ಟು ಮನೆಯ ಹಿಂಬಾಗಿಲು ತೆರೆದಿಟ್ಟ ಹಾಗೆ. ಹಾಗಾಗಿ ಅವರದೇ ಹೆಸರಿನಲ್ಲಿ ಹೊಸ ಸಿಮ್, ಹೊಸ ಜಿಮೇಲ್, ವಾಟ್ಸಾಪನ್ನು ಇನ್ನೊಂದು ಫೋನಿನಲ್ಲಿ ತೆರೆಯುವಾಗ ಕೇಳುವ ಆರಂಕಿಯ ಟು-ಸ್ಟೆಪ್ ಪಿನ್, ಬ್ಯಾಕಪ್‌ಗೆ ಪಾಸ್‌ವರ್ಡ್. ಲಾಕ್ ಆಗಿರುವ ಪರದೆಯ ಮೇಲೆ ಮೆಸೇಜು ಕಾಣದಂತೆ ನೋಟಿಫಿಕೇಶನ್ ಪ್ರಿವ್ಯೂ ಬಂದ್. ಇಷ್ಟಾದ ಮೇಲೆ ಸಿಗ್ನಲ್. ಆ ಹೊತ್ತಿಗೆ ಅವರಿಗೆ ಸಿಗ್ನಲ್ ಯಾಕೆ ಅಂತ ನಾನು ವಿವರಿಸಬೇಕಾಗಿಯೇ ಬರಲಿಲ್ಲ.

ಹಳೆಯ ಫೋನನ್ನು ಮಾತ್ರ ರೀಸೆಟ್ ಮಾಡಿಸಲಿಲ್ಲ, ಸ್ವಿಚ್ ಆಫ್ ಮಾಡಿ ಕವರಿನಲ್ಲಿಟ್ಟೆವು. ನಮ್ಮ ವೃತ್ತಿಯ ಇಕ್ಕಟ್ಟು ಇರುವುದೇ ಇಲ್ಲಿ. ಗೌಪ್ಯತೆ ಅಂದರೆ ಅಳಿಸುವುದು ಅಂತ ಆ್ಯಪ್‌ಗಳು ಹೇಳಿಕೊಡುತ್ತವೆ, ಕೋರ್ಟಿಗೆ ಬೇಕಾದದ್ದು ಉಳಿಸಿದ್ದು. ಗಂಡ ಕಳಿಸಿದ ಬೈಗುಳದ ವಾಯ್ಸ್ ಮೆಸೇಜುಗಳು ಇರುವುದು ಆ ಫೋನಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ (ಫೈಲು ತಿದ್ದಿದರೆ ಬದಲಾಗಿಬಿಡುವ, ಅದರ ಬೆರಳಚ್ಚಿನಂಥ ಸಂಖ್ಯೆ) ಕೇಳುತ್ತಾರೆ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಕೊಂಡು ಬಂದರೆ ಎದುರಿನ ವಕೀಲರು ಬಿಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ನಿಯಮ ಹೀಗಿದೆ: ತಾನೇ ಅಳಿಯುವ ಡಿಸಪಿಯರಿಂಗ್ ಮೆಸೇಜು ವಕೀಲ ಮತ್ತು ಕಕ್ಷಿದಾರರ ನಡುವೆ ಮಾತ್ರ, ಅದೂ ಹೇಳಿದ್ದು ಫೈಲಿಗೆ ಬರೆದುಕೊಂಡ ಮೇಲೆ. ಗಂಡ ಹೆಂಡತಿಯ ನಡುವಿನ ಒಂದು ಚಾಟನ್ನೂ ಯಾರೂ ಮುಟ್ಟುವಂತಿಲ್ಲ. ಎಷ್ಟೇ ಕೆಟ್ಟದ್ದಿದ್ದರೂ, ಅದು ನಮ್ಮವರೇ ಬರೆದದ್ದಾಗಿದ್ದರೂ.

ಕದ್ದು ಓದಿದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ ಎಂಬ ಧೈರ್ಯ ಬಹಳ ಜನಕ್ಕೆ ಇದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದದ್ದು ನಿಜ. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ ಸಾಕ್ಷ್ಯದ ಬಿಗಿ ನಿಯಮಗಳನ್ನು ಸಡಿಲಿಸುತ್ತದೆ. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್, ಬಠಿಂಡಾದ ಕೌಟುಂಬಿಕ ನ್ಯಾಯಾಲಯದಿಂದ ಹೊರಟು ಬಂದ ಪ್ರಕರಣವೊಂದರಲ್ಲಿ, ಗಂಡ ಹೆಂಡತಿಗೆ ತಿಳಿಯದಂತೆ ರೆಕಾರ್ಡ್ ಮಾಡಿಕೊಂಡ ಫೋನ್ ಮಾತನ್ನು ವಿಚ್ಛೇದನ ಕೇಸಿನಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದು ಎಂದಿತು. ಮನೆಯೊಳಗೆ ಸೋರಿದ್ದು ಕಟಕಟೆಗೂ ಬರುತ್ತದೆ ಎಂದೇ ಲೆಕ್ಕ ಹಾಕಿ ನಾನು ಕಕ್ಷಿದಾರರಿಗೆ ಹೇಳುವುದು.

"ಸರಕಾರ ಓದುತ್ತದಾ ಮೇಡಂ?" ಎಂದು ಕೇಳುವವರೂ ಇದ್ದಾರೆ. ಮಕ್ಕಳ ಕಳ್ಳರ ವದಂತಿಯ ವಾಟ್ಸಾಪ್ ಮೆಸೇಜುಗಳಿಂದ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪೊಂದು ಒಬ್ಬ ಎಂಜಿನಿಯರನ್ನು ಹೊಡೆದು ಕೊಂದದ್ದು ನಮಗೆಲ್ಲ ನೆನಪಿದೆ. ಅಂಥ ಸಾವುಗಳ ನಂತರವೇ ಮೊದಲು ಕಳಿಸಿದವರು ಯಾರು ಎಂದು ತಿಳಿಸಬೇಕೆಂಬ ಒತ್ತಾಯ ಬಲವಾಯಿತು, 2021ರ ಐಟಿ ನಿಯಮಗಳಿಗೆ ಅದು ಸೇರಿತು, ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಪತ್ರಕರ್ತರಿಗೆ, ಹೋರಾಟಗಾರರಿಗೆ ಇದು ಬದುಕಿನ ಪ್ರಶ್ನೆ. ಜೀವನಾಂಶದ ಕೇಸಿನ ಹೆಣ್ಣುಮಗಳ ಗುಟ್ಟು ಹೊರಬೀಳಲು ಪೆಗಾಸಸ್‌ನಂಥ ಬೇಹುಗಾರಿಕೆ ತಂತ್ರಾಂಶ ಬೇಕಾಗಿಲ್ಲ, ಅವಳ ಪ್ಯಾಟರ್ನ್ ಲಾಕ್ ಏಳು ವರ್ಷದ ಮಗನಿಗೆ ಗೊತ್ತಿದ್ದರೆ ಸಾಕು.

ಈಗ ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಜೂನಿಯರ್ ಕೇಳುತ್ತಾರೆ: ಫೋನ್ ನಿಮ್ಮೊಬ್ಬರದೇ? ಸಿಮ್ ಯಾರ ಹೆಸರಲ್ಲಿದೆ? ಜಿಮೇಲ್ ಯಾರು ಮಾಡಿಕೊಟ್ಟರು? ರಾತ್ರಿ ಫೋನ್ ಎಲ್ಲಿಡುತ್ತೀರಿ? ಕೊನೆಯ ಪ್ರಶ್ನೆಗೆ ಕೆಲವರು ನಗುತ್ತಾರೆ, ಕೆಲವರು ತಲೆತಗ್ಗಿಸುತ್ತಾರೆ. ಉತ್ತರ ನೋಡಿಕೊಂಡು ಒಬ್ಬರಿಗೆ ಸಿಗ್ನಲ್, ಒಬ್ಬರಿಗೆ ಬಿಗಿ ಮಾಡಿದ ವಾಟ್ಸಾಪ್, ಒಬ್ಬರಿಗೆ ಯಾವುದೂ ಬೇಡ, ಆಫೀಸಿಗೇ ಬನ್ನಿ. ಸಿಗ್ನಲ್‌ನಲ್ಲಿ ಮೊದಲ ಸಲ ಜೋಡಿಸುವಾಗ ಸೇಫ್ಟಿ ನಂಬರನ್ನು (ಆಚೆ ಇರುವುದು ಅದೇ ವ್ಯಕ್ತಿಯ ಫೋನೇ ಎಂದು ಖಾತ್ರಿ ಮಾಡುವ ಸಂಖ್ಯೆ) ಎದುರೆದುರೇ ಸ್ಕ್ಯಾನ್ ಮಾಡಿಕೊಳ್ಳುತ್ತೇವೆ. ಆಮೇಲೆ ಆ ಸೇಫ್ಟಿ ನಂಬರ್ ಬದಲಾಗಿದೆ ಎಂಬ ಸೂಚನೆ ಬಂದರೆ, ಏನೂ ಕಳಿಸುವ ಮೊದಲು ಒಂದು ಫೋನ್ ಕರೆ.

ಈ ಪದ್ಧತಿಗೆ ಸುಲಭವಾಗಿ ಒಗ್ಗದವರು ಕೊಲ್ಲಿಯಲ್ಲಿರುವ ಕಕ್ಷಿದಾರರು, ನಮ್ಮ ಜಿಲ್ಲೆಯಲ್ಲಿ ಅವರೇನು ಕಡಿಮೆಯೇ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಮೆಸೇಜು ಮಾತ್ರ. ಅನೇಕರು ಊರಿನ ನಂಬರಿನ ವಾಟ್ಸಾಪನ್ನೇ ಅಲ್ಲಿನ ಸಿಮ್ ಹಾಕಿದ ಫೋನಿನಲ್ಲಿ ಬಳಸುತ್ತಾರೆ. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆ, ನೋಂದಾಯಿಸಿದ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಮೆಸೇಜಿಂಗ್ ಆ್ಯಪ್ ನಡೆಯಕೂಡದು, ವೆಬ್ ಆವೃತ್ತಿ ಆರು ಗಂಟೆಗೊಮ್ಮೆಯಾದರೂ ಲಾಗ್‌ಔಟ್ ಆಗಬೇಕು ಎಂದು ಕಂಪನಿಗಳಿಗೆ ಆದೇಶಿಸಿತು. ಆರು ಗಂಟೆಯ ಮಾತು ಕೇಳಿ ನನಗೆ ಆ ವಿಂಡೋಸ್ ಲ್ಯಾಪ್‌ಟಾಪ್ ನೆನಪಾಯಿತು, ಅಂಥವರಿಗೆ ಇದು ಅನುಕೂಲವೇ. ಸಿಮ್‌ನ ಮಾತು ದುಬೈಯಲ್ಲಿರುವವರಿಗೆ ತಲೆನೋವು. ಅವರಿಗೆಲ್ಲ ಆಗಲೇ ಹೇಳಿದೆ: ಊರಿನ ಸಿಮ್ ರೀಚಾರ್ಜ್ ನಿಲ್ಲಿಸಬೇಡಿ, ಎರಡನೇ ಸ್ಲಾಟಿನಲ್ಲಿಡಿ, ಅಫಿಡವಿಟ್ ಕರಡು ಇಮೇಲಿಗೆ ಬರುತ್ತದೆ, ಅದರ ಪಾಸ್‌ವರ್ಡನ್ನು ಮಾಮೂಲಿ ಫೋನ್ ಕರೆಯಲ್ಲಿ ಹೇಳುತ್ತೇನೆ.