ಗ್ರೆಟ್ಸ್ಕಿ ಒಬ್ಬ, ಉಳಿದವರು 395

ಹಾಕಿ ಎಂದಕೂಡಲೇ ಕೊಡಗಿನ ಮೈದಾನ ನೆನೆಯಬೇಡಿ. ಇದು ಕೆನಡಾದ ಐಸ್ ಹಾಕಿ. ಅದರ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳ ಪೂರ್ಣ ಸೆಟ್ ಕೂಡಿಸುವ ಆಸೆಯಿದ್ದರೆ ಮೊದಲು ಒಂದು ವರ್ಷ, ಒಂದು ಕಂಪನಿ ಆರಿಸಿಕೊಳ್ಳಿ. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರೆ ಡಬ್ಬಿ ತುಂಬುತ್ತದೆ, ಸೆಟ್ ಆಗುವುದಿಲ್ಲ.

1951-52ರ ಪಾರ್ಕ್‌ಹರ್ಸ್ಟ್ ಕಂಪನಿಯ ಸೆಟ್ಟಿನಲ್ಲಿ 105 ಕಾರ್ಡುಗಳಷ್ಟೇ. ಆದರೆ ಐಸ್ ಹಾಕಿಯ ದಂತಕಥೆ ಗಾರ್ಡಿ ಹೌ ಅವರ ಮೊದಲ ಕಾರ್ಡು ಅದರಲ್ಲಿದೆ. ಸಂಬಳದವರ ಕೈಗೆ ಎಟುಕುವುದಲ್ಲ. ನನ್ನ ಆಯ್ಕೆ 1979-80ರ ಓ-ಪೀ-ಚೀ. ಕೆನಡಾದ ಒಂಟಾರಿಯೊದಲ್ಲಿರುವ ಲಂಡನ್ ಊರಿನ ಚ್ಯೂಯಿಂಗ್ ಗಮ್ ಕಂಪನಿ ಹೊರತಂದ 396 ಕಾರ್ಡುಗಳು. ಅದೇ ಹೌ 51ರ ವಯಸ್ಸಿನಲ್ಲಿ ಕೊನೆಯ ಋತು ಆಡುತ್ತ 175ನೇ ನಂಬರಿನಲ್ಲಿದ್ದಾರೆ. 18ನೆಯದು ಈ ಆಟದ ಮಹಾತಾರೆ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡು. 2021ರಲ್ಲಿ ಅದರ ಕುಂದಿಲ್ಲದ ಒಂದು ಪ್ರತಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು. ಗಾಬರಿ ಬೇಡ, ಮಡಿಕೆ ಬಿದ್ದ ಗ್ರೆಟ್ಸ್ಕಿಯ ಬೆಲೆ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಬಿಡಿಯಾಗಿ ಶುರುಮಾಡಬೇಡಿ. ಇನ್ನೂರು ಮುನ್ನೂರು ಸಾಮಾನ್ಯ ಆಟಗಾರರ ಕಾರ್ಡುಗಳ ಕಟ್ಟನ್ನು ಒಟ್ಟಿಗೆ ಕೊಂಡು, ಒಂದು ಹಾಳೆಯಲ್ಲಿ 1ರಿಂದ 396ರವರೆಗೆ ಬರೆದು, ಸಿಕ್ಕಿದ್ದನ್ನು ಹೊಡೆದು ಹಾಕುತ್ತ ಹೋಗಿ. ಹಾಳೆಯಲ್ಲೇ ಹೊಡೆಯಿರಿ! ಗುರುತು ಹಾಕಲೆಂದು ಸೆಟ್ಟಿನಲ್ಲೇ ಕಾರ್ಡುಗಳ ಪಟ್ಟಿ ಅಚ್ಚಾದ ಚೆಕ್‌ಲಿಸ್ಟ್ ಕಾರ್ಡುಗಳಿದ್ದವು. ಅಂದಿನ ಮಕ್ಕಳು ವಿಧೇಯರಾಗಿ ಹಾಕಿದರು. ನನಗೆ ಸಿಕ್ಕ ಮೊದಲನೆಯದರಲ್ಲಿ ನೀಲಿ ಬಾಲ್‌ಪೆನ್ನಿನ ಗುರುತುಗಳು ಎಷ್ಟು ಒತ್ತಿ ಬಿದ್ದಿದ್ದವೆಂದರೆ, ಹಿಂಬದಿಯಲ್ಲಿ ಬೆರಳಾಡಿಸಿದರೆ ಉಬ್ಬು ತಾಗುತ್ತಿತ್ತು. ಗೀಟು ಬೀಳದ ಚೆಕ್‌ಲಿಸ್ಟ್ ಹುಡುಕುವುದು ಎಷ್ಟೋ ತಾರೆಯರನ್ನು ಹುಡುಕುವುದಕ್ಕಿಂತ ಕಷ್ಟ.

ಕೊಳ್ಳುವಾಗ ಅಂಚು ನೋಡಿ. ಈ ಸೆಟ್ಟಿನ ನೀಲಿ ಚೌಕಟ್ಟು ಸ್ವಲ್ಪ ತಾಗಿದರೂ ಸಿಪ್ಪೆ ಎದ್ದು ಬಿಳಿ ಕಾಣುತ್ತದೆ. ಅದನ್ನು ಮಾರ್ಕರ್‌ನಿಂದ ಮುಚ್ಚುವ ಚತುರರಿದ್ದಾರೆ. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತೇಪೆಯ ಹೊಳಪೇ ಬೇರೆ. ಓ-ಪೀ-ಚೀ ಅಂಚು ಒರಟಾಗಿ, ನಾರು ಎದ್ದಂತಿರುವುದು ಸಹಜ. ಬ್ಲೇಡಿನಂತೆ ನುಣುಪಾಗಿದ್ದರೆ ಯಾರೋ ಕತ್ತರಿಸಿರಬಹುದು. ಅಳತೆ ಎರಡೂವರೆಗೆ ಮೂರೂವರೆ ಅಂಗುಲ ಇರಬೇಕು. ಹಿಂಬದಿಯಲ್ಲಿ ಇಂಗ್ಲಿಷಿನ ಜೊತೆ ಫ್ರೆಂಚ್ ಇಲ್ಲದಿದ್ದರೆ ಅದು ಅದೇ ವರ್ಷದ, ಅಮೆರಿಕದ ಟಾಪ್ಸ್ ಕಂಪನಿಯ 264 ಕಾರ್ಡುಗಳ ಸೆಟ್ಟಿನದು.

ಗ್ರೆಟ್ಸ್ಕಿಯ ನಕಲಿಗಳಿಗೆ ಬರವಿಲ್ಲ. ಪರಿಣತ ಸಂಸ್ಥೆ ಪರೀಕ್ಷಿಸಿ ದರ್ಜೆ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟ ಪ್ರತಿಯನ್ನೇ ಕೊಳ್ಳಿ, ಅದೂ ಮೊದಲೇ. ಉಳಿದ 395 ಕೈಯಲ್ಲಿಟ್ಟುಕೊಂಡು ಹೋದವರು ಚೌಕಾಸಿ ಮಾಡಲಾರರು.

ರಬ್ಬರ್ ಬ್ಯಾಂಡ್ ಬೇಡ, ಪಿವಿಸಿ ಹಾಳೆ ಬೇಡ. ಒಂಬತ್ತು ಜೇಬಿನ ಪುಟಗಳಲ್ಲಿ 396 ಕಾರ್ಡು ಲೆಕ್ಕವಿಟ್ಟಂತೆ 44 ಪುಟಕ್ಕೆ ಕೂರುತ್ತವೆ. ಗ್ರೆಟ್ಸ್ಕಿಯ ಜಾಗ ಎರಡನೇ ಪುಟದ ಕೊನೆಯ ಜೇಬು. ದರ್ಜೆಯ ಡಬ್ಬಿ ಅದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ನಾನು ಅಲ್ಲಿ ಚೀಟಿಯೊಂದನ್ನು ಇಟ್ಟಿದ್ದೇನೆ. ನಿಜವಾಗಿ ಖಾಲಿ ಇರುವುದು ಇನ್ನೊಂದು ಜೇಬು, ಗೀಟಿಲ್ಲದ ಒಂದು ಚೆಕ್‌ಲಿಸ್ಟಿನದು.