ಅಂಬೇಡ್ಕರರ 25 ನವೆಂಬರ್ 1949ರ ಭಾಷಣ: ಅರ್ಥ ಹಿಡಿಯುವುದು, ವೇದಿಕೆಯಲ್ಲಿ ಹೇಳುವುದು

ನವೆಂಬರ್ 26ರ ಸಂವಿಧಾನ ದಿನ, ಜನವರಿ 26ರ ಗಣರಾಜ್ಯೋತ್ಸವ ಹತ್ತಿರ ಬಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಾಲಿ-ಕಾಲೇಜುಗಳಲ್ಲಿ ಭಾಷಣದ ತಯಾರಿ ಶುರುವಾಗುತ್ತದೆ. ಸಂವಿಧಾನ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮಾಡಿದ ಕೊನೆಯ ದೊಡ್ಡ ಭಾಷಣದಿಂದ ಎರಡು ಸಾಲಾದರೂ ಎಲ್ಲರ ಬಾಯಲ್ಲೂ ಬರುತ್ತವೆ. ಬರುವ ರೀತಿಯಲ್ಲೇ ತೊಂದರೆ. ಸಾಲುಗಳು ಹಿಂದುಮುಂದಿಲ್ಲದೆ ಕಿತ್ತು ಬಂದಿರುತ್ತವೆ, ಧ್ವನಿ ಚುನಾವಣೆ ಪ್ರಚಾರದ ಜೀಪಿನದಾಗಿರುತ್ತದೆ.

ಮೊದಲು ತಾರೀಖು ಸರಿ ಮಾಡಿಕೊಳ್ಳಿ. ಭಾಷಣ ಆಗಿದ್ದು 1949ರ ನವೆಂಬರ್ 25ರಂದು. ಸಂವಿಧಾನ ಅಂಗೀಕಾರವಾಗಿದ್ದು ಮರುದಿನ, 26ರಂದು. ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ಕ್ಕೆ. ಅಲ್ಲಿಂದ 2 ವರ್ಷ 11 ತಿಂಗಳು 17 ದಿನ ಎಂದು ಅಂಬೇಡ್ಕರ್ ಲೆಕ್ಕ ಕೊಡುತ್ತಾರೆ. ಪಠ್ಯಪುಸ್ತಕದಲ್ಲಿ 18 ದಿನ ಅಂತ ಇರುತ್ತದೆ, ಏಕೆಂದರೆ ಅದು 26ರವರೆಗಿನ ಲೆಕ್ಕ. ಎರಡೂ ಸರಿ. ಆದರೆ "ಅಂಬೇಡ್ಕರ್ ಹೇಳಿದರು" ಎಂದು ಶುರು ಮಾಡಿದರೆ 17 ಅನ್ನಬೇಕು. ಸ್ಪರ್ಧೆಯಲ್ಲಿ ತೀರ್ಪುಗಾರರು ಹಿಡಿಯುವುದು ಇಂಥದ್ದನ್ನೇ.

ಇನ್ನು ಪಠ್ಯ. ಪೂರ್ತಿ ಓದಿದರೆ ಅರ್ಧ ಗಂಟೆ ಮೀರುತ್ತದೆ. ಆದರೂ ವೇದಿಕೆಗೆ ಐದು ನಿಮಿಷದ ತುಣುಕು ಕತ್ತರಿಸುವ ಮುಂಚೆ ಒಮ್ಮೆ ಪೂರ್ತಿ ಓದಲೇಬೇಕು. ಮೊದಲ ಭಾಗ ಲೆಕ್ಕ ಒಪ್ಪಿಸುವುದು, ಆಕ್ಷೇಪಗಳಿಗೆ ಉತ್ತರ ಕೊಡುವುದು. ಕರಡು ತಡವಾಯಿತು ಎಂಬ ದೂರಿಗೆ ಅವರು ಅಂಕಿ ಇಡುತ್ತಾರೆ: ಮಂಡನೆಗೆ ಬಂದ ತಿದ್ದುಪಡಿ ಸೂಚನೆಗಳು ಸುಮಾರು 7,635, ಸಭೆಯಲ್ಲಿ ನಿಜಕ್ಕೂ ಮಂಡನೆಯಾದದ್ದು 2,473, ಕೊನೆಗೆ ಉಳಿದದ್ದು 395 ವಿಧಿ, 8 ಅನುಸೂಚಿ. ಅಮೆರಿಕದವರು ನಾಲ್ಕು ತಿಂಗಳೊಳಗೆ ಮುಗಿಸಿದರು, ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ ಹಿಡಿಯಿತು ಎಂಬ ಹೋಲಿಕೆಯೂ ಇದೆ. ಮೈದಾನದಲ್ಲಿ ಕೂತವರ ಕಿವಿಗೆ ಇಷ್ಟೆಲ್ಲ ಅಂಕಿ ಹತ್ತುವುದಿಲ್ಲ. 7,635 ಮತ್ತು 2,473 ಎರಡೇ ಸಾಕು, ಅದನ್ನೂ ನಿಧಾನಕ್ಕೆ. ಕರಡು ಸಮಿತಿಯನ್ನು ಒಬ್ಬ ಸದಸ್ಯರು "ಡ್ರಾಫ್ಟಿಂಗ್ (ಕರಡು ಬರೆಯುವ) ಅಲ್ಲ, ಡ್ರಿಫ್ಟಿಂಗ್ (ಗುರಿಯಿಲ್ಲದೆ ತೇಲುವ) ಕಮಿಟಿ" ಎಂದು ಹಂಗಿಸಿದ್ದಕ್ಕೂ ಅಲ್ಲಿ ಉತ್ತರವಿದೆ. ಆ ಶ್ಲೇಷೆ ಕನ್ನಡಕ್ಕೆ ಬಾರದು, ಬಿಟ್ಟುಬಿಡಿ.

ತಿರುವು ಇರುವುದು "ಇಲ್ಲಿಗೆ ನಾನು ಮುಗಿಸಬಹುದಿತ್ತು" ಎಂಬ ಅರ್ಥದ ಒಂದು ಸಣ್ಣ ಮಾತಿನಲ್ಲಿ. ಪೆನ್ಸಿಲ್ ಹಿಡಿದು ಅದಕ್ಕೆ ಗೆರೆ ಹಾಕಿ. ಅಲ್ಲಿಂದ ಮುಂದೆ "1950ರ ಜನವರಿ 26ರಂದು" ಎಂದು ಶುರುವಾಗುವ ಮಾತು ಮೂರು ಸಲ ಬರುತ್ತದೆ, ಭಾಷಣ ನೇತಾಡುವುದು ಈ ಮೂರು ಗೂಟಗಳ ಮೇಲೆ. ಮೊದಲ ಸಲ: ಅಂದು ಭಾರತ ಸ್ವತಂತ್ರ ದೇಶವಾಗುತ್ತದೆ, ಆ ಸ್ವಾತಂತ್ರ್ಯದ ಗತಿ ಏನು? ಎರಡನೆಯ ಸಲ: ಅಂದು ಪ್ರಜಾಪ್ರಭುತ್ವ ಬರುತ್ತದೆ, ಅದರ ಗತಿ ಏನು? ಮೂರನೆಯ ಸಲ ಪ್ರಶ್ನೆಯಿಲ್ಲ, ನೇರ ಹೇಳಿಕೆ: ಅಂದು ನಾವು ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತೇವೆ.

ಹೇಳುವ ಕ್ರಮ ಇಲ್ಲಿಂದಲೇ ಹುಟ್ಟುತ್ತದೆ. ಮೊದಲ ಗೂಟದಲ್ಲಿ "ಸ್ವತಂತ್ರ ದೇಶ" ಎಂದಾಗ ಸಭೆ ಹರ್ಷೋದ್ಗಾರ ಮಾಡಿತೆಂದು ನಡಾವಳಿಯಲ್ಲಿ ದಾಖಲಾಗಿದೆ. ಅದರ ಬೆನ್ನಿಗೇ ಅವರು ಆ ಸ್ವಾತಂತ್ರ್ಯ ಏನಾದೀತು ಎಂದು ಕೇಳಿದರು. ಹಾಗಾಗಿ ಆ ವಾಕ್ಯವನ್ನು ಸಂಭ್ರಮದಿಂದಲೇ ಹೇಳಿ, ಚಪ್ಪಾಳೆ ಬಿದ್ದರೆ ಬೀಳಲಿ. ಪೂರ್ತಿ ಎರಡು ಸೆಕೆಂಡ್ ನಿಂತು, ಪ್ರಶ್ನೆಯನ್ನು ಮನೆಯ ಮಾತಿನಷ್ಟು ಮೆಲ್ಲಗೆ ಕೇಳಿ. ಪ್ರಶ್ನೆಗೂ ಅದೇ ಎತ್ತರದ ದನಿ ಹಾಕಿದರೆ ಅದೂ ಘೋಷಣೆಯಾಗಿ, ಇನ್ನೊಂದು ಚಪ್ಪಾಳೆ ಬಿದ್ದು, ಅರ್ಥ ಅಲ್ಲಿಗೇ ಸತ್ತುಹೋಗುತ್ತದೆ.

ಇದರ ಹಿಂದೆಯೇ ಇತಿಹಾಸದ ಪಟ್ಟಿ ಬರುತ್ತದೆ: ಶತ್ರುವಿನಿಂದ ಲಂಚ ತಿಂದ ಸಿಂಧ್‌ನ ದೊರೆ ದಾಹಿರನ ಸೇನಾಪತಿಗಳು, ಪೃಥ್ವಿರಾಜನ ವಿರುದ್ಧ ಘೋರಿಯನ್ನು ಕರೆದ ಜಯಚಂದ್ರ, 1857ರ ಹೋರಾಟವನ್ನು ನೋಡುತ್ತ ನಿಂತವರು. ಅಂಬೇಡ್ಕರರ ಬೆರಳು ತೋರಿಸುವುದು ಹೊರಗಿನವರ ಕಡೆಗಲ್ಲ, ಒಳಗಿನವರ ದ್ರೋಹದ ಕಡೆಗೆ. ಇಲ್ಲಿಯ ಹುಡುಗರು ಈ ಪಟ್ಟಿಗೆ ಕಿತ್ತೂರನ್ನೂ ಸೇರಿಸುವುದುಂಟು. 1824ರ ಕಿತ್ತೂರಿನ ಹೆಸರು ಆ ಭಾಷಣದಲ್ಲಿಲ್ಲ. ಹೇಳಬೇಕೆನಿಸಿದರೆ "ನಮ್ಮ ಕಿತ್ತೂರಿನಲ್ಲೂ" ಎಂದು ನಿಮ್ಮ ಮಾತಾಗಿ ಬೇರೆ ಹೇಳಿ, ಅವರ ಬಾಯಿಗೆ ತುರುಕಬೇಡಿ.

ಅತಿ ಹೆಚ್ಚು ಕೆಡುವುದು ಭಕ್ತಿಯ ಸಾಲು. ಬಸವನ ಬಾಗೇವಾಡಿ, ಕೂಡಲಸಂಗಮದ ಸೀಮೆಯಲ್ಲಿ ಭಕ್ತಿ ಎಂದರೆ ದೊಡ್ಡ ಮಾತು. ಅರ್ಧ ಸಾಲು ಹೇಳಿದರೆ ಕೇಳುವವರ ಮುಖ ಗಂಟಾಗುತ್ತದೆ, ಆಗುವುದೂ ನ್ಯಾಯವೇ. ಮೂಲದಲ್ಲಿ ಆ ಸಾಲಿಗೂ ಮುಂಚೆ, ದೇಶಕ್ಕೆ ಜೀವಮಾನ ಸವೆಸಿದ ದೊಡ್ಡವರಿಗೆ ಕೃತಜ್ಞರಾಗಿರುವುದರಲ್ಲಿ ತಪ್ಪಿಲ್ಲ, ಆದರೆ ಅದಕ್ಕೂ ಮಿತಿ ಇದೆ ಎಂಬ ಮಾತು ಬರುತ್ತದೆ. ಅದನ್ನು ಬಿಡಬೇಡಿ. ಆಮೇಲೆ ಸಾಲನ್ನು ಹೀಗೆ ಬರೆದುಕೊಳ್ಳಿ (ಒಂದು ಗೆರೆ ಇದ್ದಲ್ಲಿ ಅರ್ಧ ಸೆಕೆಂಡ್ ನಿಲ್ಲಿ, ಎರಡು ಗೆರೆ ಇದ್ದಲ್ಲಿ ಒಂದೂವರೆ):

ಧರ್ಮದಲ್ಲಿ ಭಕ್ತಿ / ಆತ್ಮದ ಮುಕ್ತಿಗೆ ದಾರಿಯಾದೀತು. // ಆದರೆ ರಾಜಕೀಯದಲ್ಲಿ / ಭಕ್ತಿ, ಅಂದರೆ ವ್ಯಕ್ತಿಪೂಜೆ, / ಅವನತಿಗೆ ಖಚಿತ ದಾರಿ, / ಕೊನೆಗೆ ಸರ್ವಾಧಿಕಾರಕ್ಕೆ. //

"ದಾರಿಯಾದೀತು" ಎಂಬಲ್ಲಿ "ದಾರಿಯಾಗುತ್ತದೆ" ಎಂದರೆ ತಪ್ಪು. ಮೂಲದ ಮಾತು ಸಾಧ್ಯತೆಯದು, ಖಚಿತತೆಯದಲ್ಲ. ಅದಕ್ಕೆ ನಮ್ಮಲ್ಲಿ "ಆದೀತು" ಎಂಬ ರೂಪ ಸಿದ್ಧವಾಗಿಯೇ ಇದೆ. "ಆದೀತು" ಮತ್ತು "ಖಚಿತ" ಎದುರುಬದುರು ನಿಂತಾಗಲೇ ಸಾಲಿನ ತಕ್ಕಡಿ ತೂಗುತ್ತದೆ. "ವ್ಯಕ್ತಿಪೂಜೆ"ಯನ್ನು ಬಿಟ್ಟರೂ ತಪ್ಪು, ಯಾವ ಭಕ್ತಿಯ ಮಾತು ಎಂಬುದನ್ನು ತಿಳಿಸುವುದೇ ಆ ಪದ. ಇನ್ನು "ಸರ್ವಾಧಿಕಾರಕ್ಕೆ" ಎಂಬುದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಕನ್ನಡ ವಾಕ್ಯದ ಬಾಲಕ್ಕೆ ಸಾಮಾನ್ಯವಾಗಿ ಕ್ರಿಯಾಪದ ಬಂದು ಕೂರುತ್ತದೆ, ಭಾರದ ಪದ ನಡುವೆ ಹೂತುಹೋಗುತ್ತದೆ. ಭಾಷಣಕ್ಕೆ ಅನುವಾದಿಸುವಾಗ ಆ ಪದವನ್ನು ಎತ್ತಿ ತುದಿಗೆ ತರಬೇಕು.

ಸಂವಿಧಾನಬದ್ಧವಲ್ಲದ ಹೋರಾಟದ ವಿಧಾನಗಳನ್ನು ಅವರು ಕರೆದ "ಅರಾಜಕತೆಯ ವ್ಯಾಕರಣ" ಎಂಬ ಮಾತಿಗೂ ಇದೇ ಗತಿ. ಅಸಹಕಾರ, ಸತ್ಯಾಗ್ರಹ ಕೈಬಿಡಬೇಕು ಎಂದರು, ನಿಜ. ಅದರ ಜೊತೆಗೆ ಒಂದು ಷರತ್ತೂ ಇದೆ: ಸಂವಿಧಾನಬದ್ಧ ದಾರಿ ಇಲ್ಲದಿದ್ದ ಕಾಲಕ್ಕೆ ಆ ವಿಧಾನಗಳಿಗೆ ಸಾಕಷ್ಟು ಸಮರ್ಥನೆ ಇತ್ತು, ದಾರಿ ತೆರೆದಿರುವಾಗ ಇಲ್ಲ. 1927ರಲ್ಲಿ ಮಹಾಡದ ಕೆರೆಯ ಸತ್ಯಾಗ್ರಹ ನಡೆಸಿದ್ದು ಇದೇ ಅಂಬೇಡ್ಕರ್. ಷರತ್ತು ನುಂಗಿ ಸಾಲನ್ನಷ್ಟೇ ಉದುರಿಸಿದರೆ, ಸುವರ್ಣ ವಿಧಾನಸೌಧದ ಅಧಿವೇಶನದ ಹೊತ್ತಿಗೆ ಪರವಾನಗಿ ಪಡೆದು ಟೆಂಟ್ ಹಾಕಿ ಕೂತ ರೈತನೂ ಅರಾಜಕನಾಗಿಬಿಡುತ್ತಾನೆ. ಅದು ಅವರ ಮಾತಿನ ಅರ್ಥವಲ್ಲ.

ಮೂರನೆಯ ಗೂಟಕ್ಕೆ ನಿಮ್ಮ ಐದು ನಿಮಿಷದಲ್ಲಿ ಎರಡನ್ನಾದರೂ ಕೊಡಿ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬುದು ವಾದ. "ಒಬ್ಬ ಮನುಷ್ಯನಿಗೆ ಒಂದು ಮತ, ಒಂದು ಮತಕ್ಕೆ ಒಂದು ಮೌಲ್ಯ" ಎಂಬುದು ರಾಜಕೀಯದ ತತ್ವ. ಸಮಾಜದಲ್ಲಿ ನಿರಾಕರಿಸಿದ್ದೇನು? "ಒಬ್ಬ ಮನುಷ್ಯನಿಗೆ ಒಂದು ಮೌಲ್ಯ." ನಡುವಿನ "ಮತ" ಬಿದ್ದುಹೋದದ್ದು ಕೇಳುವವರ ಕಿವಿಗೆ ಬೀಳಬೇಕು. ಅದಕ್ಕೆ ಮೊದಲ ಸಲ "ಮತ" ಎಂಬುದನ್ನು ಎರಡೂ ಕಡೆ ಒತ್ತಿ ಹೇಳಿ; ಎರಡನೆಯ ಸಲ "ಒಬ್ಬ ಮನುಷ್ಯನಿಗೆ" ಎಂದು ನಿಂತು, ಆಮೇಲೆ "ಒಂದು ಮೌಲ್ಯ" ಅನ್ನಿ. ಹಳ್ಳಿಯ ಸಭೆಯಾದರೆ "ಮತ" ಬಿಟ್ಟು "ಓಟು" ಅನ್ನುವುದೇ ವಾಸಿ, ಮತ ಎಂದರೆ ಧರ್ಮ ಎಂದೂ ಕೇಳಿಸೀತು. ಬೆನ್ನಿಗೇ ಬರುವ "ಎಲ್ಲಿಯವರೆಗೆ" ಎಂಬ ಎರಡು ಪ್ರಶ್ನೆಗಳಲ್ಲಿ (ಈ ವಿರೋಧಾಭಾಸದ ಬದುಕು ಎಲ್ಲಿಯವರೆಗೆ, ಸಮಾನತೆಯ ನಿರಾಕರಣೆ ಎಲ್ಲಿಯವರೆಗೆ) ಎರಡನೆಯದರ ದನಿ ಮೊದಲಿನದಕ್ಕಿಂತ ಇಳಿಯಬೇಕು. ಎಲ್ಲರೂ ಏರಿಸುತ್ತಾರೆ. ಏರಿಸಿದರೆ ಮುಂದಿನ ಎಚ್ಚರಿಕೆಗೆ, ಅಸಮಾನತೆ ಅನುಭವಿಸಿದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಸಿಡಿಸಿಯಾರು ಎಂಬುದಕ್ಕೆ, ಏರಲು ಜಾಗವೇ ಉಳಿಯುವುದಿಲ್ಲ.

ಅಳತೆಯ ವಿಷಯ. ಬಯಲಲ್ಲಿ ಅರ್ಥವಾಗುವಂತೆ ಹೇಳಿದರೆ ನಿಮಿಷಕ್ಕೆ 80ರಿಂದ 90 ಕನ್ನಡ ಪದ. ಐದು ನಿಮಿಷಕ್ಕೆ 400 ಪದ ದಾಟಬೇಡಿ. ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನ ದನಿ ಎದುರಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದು ಬಂದು ಮುಗಿಯುವ ಮುಂಚೆ ಮುಂದಿನ ವಾಕ್ಯ ಎತ್ತಿದರೆ ಎರಡೂ ಕಲಸಿಹೋಗುತ್ತವೆ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಲಿ, ಮುಖ ತುಸು ಓರೆ ಇರಲಿ, ಇಲ್ಲದಿದ್ದರೆ "ಭಕ್ತಿ", "ಭಾರತ"ದ ಭಕಾರ ಗುಂಡು ಹಾರಿದಂತೆ ಸದ್ದು ಮಾಡುತ್ತದೆ. "ಸ್ವಾತಂತ್ರ್ಯ"ದ ಕೊನೆಯ ಯಕಾರ ನುಂಗುವುದು ನಮ್ಮಲ್ಲಿ ಸಾಮಾನ್ಯ. "ಭ್ರಾತೃತ್ವ" ನಾಲಿಗೆಗೆ ತೊಡರಿದರೆ "ಬಂಧುತ್ವ" ಅನ್ನಿ.

ಅವರ ಭಾಷಣ ಮುಗಿಯುವುದು ಜೈಕಾರದಿಂದಲ್ಲ. ದಾರಿಗಡ್ಡವಾದ ಕೆಡುಕುಗಳನ್ನು ಗುರುತಿಸಿ ತೆಗೆದುಹಾಕಬೇಕು ಎಂದ ಮೇಲೆ, ದೇಶಸೇವೆಗೆ ಇದೊಂದೇ ದಾರಿ, ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ ಎಂಬ ಅರ್ಥದ ಎರಡು ಗಿಡ್ಡ ವಾಕ್ಯ, ಅಷ್ಟೇ. "ಗೊತ್ತಿಲ್ಲ" ಎಂಬುದನ್ನು ಎಳೆಯದೆ ಹೇಳಿ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ, ಮೂರು ಎಣಿಸಿ. "ಜೈ ಭೀಮ್", "ಜೈ ಹಿಂದ್" ಏನಿದ್ದರೂ ಆಮೇಲೆ.