ಪ್ರಾಣ ಕೊಡುವ ಗಂಡ, ಉಸಿರು ಕಟ್ಟಿಸುವ ಗಂಡ: ಒಂದು ಧಾರಾವಾಹಿ ಜೋಡಿಯನ್ನು ಬರೆದ ಅನುಭವ

ಕನ್ನಡ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುವುದು ನನ್ನ ಕೆಲಸ. ನಾನು ಬರೆದ ಜೋಡಿಗಳಲ್ಲಿ ಜನ ಇವತ್ತಿಗೂ ಕೇಳುವುದು ಒಂದೇ ಜೋಡಿಯ ಬಗ್ಗೆ. ಅವನಿಗೆ ಹೆಂಡತಿ ಅಂದರೆ ಪ್ರಾಣ. ಆದರೆ ಅವಳಿಗೆ ಅವನ ಜೊತೆ ಉಸಿರಾಡುವುದೂ ಕಷ್ಟ. ಈ ಎರಡೂ ನಿಜ ಅಂತ ನೋಡುವವರಿಗೆ ಅನಿಸಬೇಕಿತ್ತು. ಹೊಸದಾಗಿ ಬರೆಯಲು ಬಂದವರು ಇದನ್ನು ಹೇಗೆ ಮಾಡಿದಿರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಥೆ ನಡೆಯುವುದು ಮೈಸೂರಿನಲ್ಲಿ. ಅವನದು ಅಪ್ಪನ ಕಾಲದಿಂದ ಬಂದ ಊದುಬತ್ತಿ ಕಾರ್ಖಾನೆ. ಅವಳು ಬ್ಯಾಂಕಿನಲ್ಲಿ ಕ್ಯಾಷಿಯರ್. ಇಬ್ಬರೂ ಪ್ರೀತಿಸಿ ಮದುವೆಯಾದವರು. ಸಂಜೆಯಾದರೆ ಬ್ಯಾಂಕಿನ ಎದುರು ಅವನ ಕಾರು ನಿಂತಿರುತ್ತದೆ. ಮಳೆ ಬರಲಿ, ಜ್ವರ ಇರಲಿ, ಅವನು ತಪ್ಪಿಸುವುದಿಲ್ಲ. ಚಾನೆಲ್‌ನವರು ನನಗೆ ಕೊಟ್ಟ ಕಥೆಯಲ್ಲಿ ಇದ್ದದ್ದು ಇಷ್ಟೇ: ತುಂಬಾ ಪ್ರೀತಿಸುವ ಗಂಡ, ಸ್ವಲ್ಪ ಜಾಸ್ತಿಯೇ ಪ್ರೀತಿಸುವ ಗಂಡ.

ಆ 'ಸ್ವಲ್ಪ ಜಾಸ್ತಿ'ಯನ್ನು ಮೊದಲು ಮಾತಿನಲ್ಲಿ ಹಿಡಿಯಬೇಕಿತ್ತು. ಧಾರಾವಾಹಿಯಲ್ಲಿ ಇಂಥ ಗಂಡನಿಗೆ ರೂಢಿಯಾದ ಡೈಲಾಗ್‌ಗಳಿವೆ. 'ನೀನು ನನ್ನವಳು', 'ನಿನ್ನ ಮೇಲೆ ಬೇರೆಯವರ ಕಣ್ಣು ಬಿದ್ರೆ ಸುಮ್ನಿರಲ್ಲ', ಹೀಗೆ. ಅವನ್ನೆಲ್ಲ ಪಕ್ಕಕ್ಕಿಟ್ಟೆ. ಅಂಥ ಮಾತು ಬಂದ ಕೂಡಲೇ ಪ್ರೇಕ್ಷಕರಿಗೆ ಇದು ಧಾರಾವಾಹಿಯ ಗಂಡ ಅಂತ ಗೊತ್ತಾಗುತ್ತದೆ, ತಮ್ಮ ಮನೆಯ ಗಂಡ ಅಂತ ಅನಿಸುವುದಿಲ್ಲ. ನಾನು ಬರೆದದ್ದು ಇಂಥ ಮಾತುಗಳನ್ನು: 'ಊಟ ಆಯ್ತಾ? ಯಾರ ಜೊತೆ ಕೂತಿದ್ದೆ?' 'ತಲುಪಿದ ತಕ್ಷಣ ಲೊಕೇಶನ್ ಕಳ್ಸು, ಗಾಬರಿಯಾಗುತ್ತೆ.' 'ನಿಂಗ್ಯಾಕೆ ಎಟಿಎಂ ಕಾರ್ಡು, ನಾನಿಲ್ವಾ?' ಮೊದಲ ಸಲ ಕೇಳಿದಾಗ ಕಾಳಜಿ. ಹತ್ತನೇ ಸಲ ಕೇಳಿದಾಗ ಬೇರೆ ಏನೋ. ಮಾತು ಬದಲಾಗುವುದೇ ಇಲ್ಲ, ಅವಳ ಉತ್ತರ ಮಾತ್ರ ಗಿಡ್ಡವಾಗುತ್ತಾ ಹೋಗುತ್ತದೆ. ಇದು ದಿನಾ ಬರುವ ಧಾರಾವಾಹಿಯಲ್ಲಿ ಮಾತ್ರ ಮಾಡಬಹುದಾದ ಕೆಲಸ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಒಂದೇ ಮಾತನ್ನು ಹತ್ತು ಸಲ ಹೇಳಿಸಲು ಜಾಗವಿಲ್ಲ.

ಕಾರಿನ ದೃಶ್ಯವನ್ನೂ ಹಾಗೇ ಬರೆದೆ. ಮೊದಲು ಅವಳ ಕಣ್ಣಿನಿಂದ: ಬಾಗಿಲಿಗೆ ಬರುತ್ತಾಳೆ, ಕಾರು ಕಾಣುತ್ತದೆ, ನಗುತ್ತಾಳೆ. ಮುಂದೊಂದು ದಿನ ಅದೇ ದೃಶ್ಯ ಅವಳ ಸಹೋದ್ಯೋಗಿಗಳ ಕಣ್ಣಿನಿಂದ. ಎಲ್ಲರೂ ಒಟ್ಟಿಗೆ ದೋಸೆ ತಿನ್ನಲು ಹೊರಟಿದ್ದಾರೆ, ಅವಳನ್ನು ಕರೆಯುವುದನ್ನು ಬಿಟ್ಟಿದ್ದಾರೆ. ಆಮೇಲೆ ಬ್ಯಾಂಕಿನ ಒಳಗಿನಿಂದ. ಕ್ಯಾಷ್ ತಾಳೆಯಾಗುತ್ತಿಲ್ಲ, ಅವಳು ನೋಟು ಎಣಿಸುತ್ತಾ ಗಡಿಯಾರ ನೋಡುತ್ತಿದ್ದಾಳೆ. ಅವನು ಏನೂ ಮಾಡಿಲ್ಲ. ಹೊರಗೆ ಕಾಯುತ್ತಿದ್ದಾನೆ, ಅಷ್ಟೇ.

ಬರೆಯುವಾಗ ನನ್ನ ಮೇಜಿನ ಮುಂದೆ ಒಂದು ಅಂಕಿ ಅಂಟಿಸಿಕೊಂಡಿದ್ದೆ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು 21 ಇತ್ತು. ರಾತ್ರಿ ಊಟದ ಹೊತ್ತಿಗೆ ನಮ್ಮ ಧಾರಾವಾಹಿ ನೋಡುವವರು ಇವರೇ ತಾನೇ? ಅವರ ಪಕ್ಕದಲ್ಲಿ ಕೂತು ಅದೇ ಗಂಡಂದಿರೂ ನೋಡುತ್ತಿರುತ್ತಾರೆ. ಇದು ಗೊತ್ತಿದ್ದೂ, ಕೈ ಹಿಡಿದು ಎಳೆಯುವ ಗಂಡನ ಹಿಂದೆ ಕೊಳಲು ನುಡಿಸಿ ಅದನ್ನು ಪ್ರೇಮ ಅಂತ ತೋರಿಸಲು ನನ್ನಿಂದ ಆಗುತ್ತಿರಲಿಲ್ಲ.

ಆದರೆ ಅವನು ಹೊಡೆಯಬಾರದು ಅನ್ನುವುದೂ ನನ್ನ ಹಟವಾಗಿತ್ತು. ಗುರುವಾರ ರೇಟಿಂಗ್ ಬರುತ್ತದೆ, ಅದರ ಹಿಂದೆಯೇ ಸಭೆ. ಒಂದು ಸಭೆಯಲ್ಲಿ, 'ಒಂದೇ ಒಂದು ಸಲ ಕೈ ಎತ್ತಲಿ, ಆಗ ಜನಕ್ಕೆ ಅರ್ಥವಾಗುತ್ತೆ' ಅಂದರು. ನಾನು ಒಪ್ಪಲಿಲ್ಲ. ಅವನು ಹೊಡೆದ ದಿನವೇ ಜನರಿಗೆ ತಪ್ಪು ಎಲ್ಲಿದೆ ಅಂತ ಸುಲಭವಾಗಿ ಸಿಕ್ಕಿಬಿಡುತ್ತದೆ. ಹೊಡೆಯದ ಮನೆಗಳಲ್ಲಿ ಎಲ್ಲರೂ ಸಮಾಧಾನದ ಉಸಿರು ಬಿಡುತ್ತಾರೆ. ನಮ್ಮ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಏಟನ್ನು ಮಾತ್ರ ಹಿಂಸೆ ಅನ್ನುವುದಿಲ್ಲ. ಬೈಗುಳ, ಅವಮಾನ, ಹಣಕ್ಕೆ ಕೈ ಚಾಚುವ ಹಾಗೆ ಮಾಡುವುದು, ಎಲ್ಲವನ್ನೂ ಸೇರಿಸಿಕೊಂಡಿದೆ. ಕಾನೂನು ಅಷ್ಟು ದೂರ ಬಂದಿರುವಾಗ ಕಥೆ ಒಂದು ಏಟಿಗೆ ಕಾದು ಕೂರುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ಇಂಥ ದಾಂಪತ್ಯಗಳ ಬಗ್ಗೆ ಒಂದು ಚಕ್ರವನ್ನು ವಿವರಿಸಿದರು. ಮೊದಲು ಬಿಗಿ ಹೆಚ್ಚುತ್ತದೆ. ಆಮೇಲೆ ಸ್ಫೋಟ. ಆಮೇಲೆ ಕಣ್ಣೀರು, ಕ್ಷಮೆ, ಅತಿಯಾದ ಪ್ರೀತಿ. ಮತ್ತೆ ಬಿಗಿ. ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ವಾರದ ಗ್ರಾಫ್! ಸೋಮವಾರ ಒಂದು ಅನುಮಾನ ಹುಟ್ಟಬೇಕು. ಬುಧವಾರದ ಹೊತ್ತಿಗೆ ಅದು ಬೆಳೆಯಬೇಕು. ಶುಕ್ರವಾರ ಸಿಡಿಯಬೇಕು, ಮುಂದೇನು ಅನ್ನುವ ಕಡೆ ಫ್ರೀಜ್ ಆಗಬೇಕು. ಮುಂದಿನ ಸೋಮವಾರ ಅವನು ಮಲ್ಲಿಗೆ ಹೂವು ಹಿಡಿದು ಬರಬೇಕು. ನೋವು ಕೊಡುವ ಪ್ರೀತಿ ನಡೆಯುವ ರೀತಿಯೂ ಧಾರಾವಾಹಿ ನಡೆಯುವ ರೀತಿಯೂ ಒಂದೇ. ಇಂಥ ಜೋಡಿಗಳು ಟೀವಿಯಲ್ಲಿ ಇಷ್ಟು ಚೆನ್ನಾಗಿ ಓಡುವುದಕ್ಕೆ ಇದೇ ಕಾರಣ ಅಂತ ನಾನು ನಂಬಿದ್ದೇನೆ. ನೋಡುವವರೂ ಅವಳ ಜೊತೆಗೇ ಸೋಮವಾರದ ಮಲ್ಲಿಗೆಗೆ ಕಾಯತೊಡಗುತ್ತಾರೆ.

ಹಾಗಾದರೆ ಆ ಚಕ್ರದೊಳಗಿದ್ದೇ ಆ ಚಕ್ರವನ್ನು ಹೇಗೆ ತೋರಿಸುವುದು? ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು, ಪ್ರತಿ ರಾಜಿಯ ನಂತರ ಮರುದಿನ ಬೆಳಗ್ಗೆಯ ಒಂದು ಚಿಕ್ಕ ದೃಶ್ಯವನ್ನು ಕಡ್ಡಾಯವಾಗಿ ಬರೆದೆ. ಸಾಮಾನ್ಯವಾಗಿ ರಾಜಿಯಾದ ಕೂಡಲೇ ಕಥೆ ಇನ್ನೊಂದು ಮನೆಗೆ, ಅತ್ತೆಯ ಒಳಸಂಚಿಗೆ ಜಿಗಿದುಬಿಡುತ್ತದೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಕಥೆಗೆ ಉಳಿಯುವುದೇ ಸುಮಾರು 22 ನಿಮಿಷ. ಅದರಲ್ಲಿ ಒಂದು ನಿಮಿಷವನ್ನು ಬೆಳಗ್ಗೆಗೆ ಉಳಿಸಿಕೊಳ್ಳಲು ತುಂಬಾ ಜಗಳವಾಡಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ ಅವನ ಹೆಜ್ಜೆ ಸದ್ದು ಕೇಳಿ ಫೋನನ್ನು ತಿರುಗಿಸಿ ಇಡುತ್ತಾಳೆ. ಫೋನಿನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ತಿರುಗಿಸುತ್ತಾಳೆ.

ಎರಡನೆಯದು ಸಂಗೀತ. ಚಿತ್ರಕಥೆಯಲ್ಲಿ ಸಂಗೀತದ ಬಗ್ಗೆ ಬರೆಯುವುದು ನಮ್ಮ ರೂಢಿಯಲ್ಲ, ಅದು ಎಡಿಟಿಂಗ್ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಜೋಡಿಗೆ ಅಂತ ಒಂದು ಥೀಮ್ ಇರುತ್ತದೆ, ಇಬ್ಬರೂ ಎದುರುಬದುರಾದರೆ ಅದು ಬಂದುಬಿಡುತ್ತದೆ. ಅವನು ದಾರಿಗೆ ಅಡ್ಡ ನಿಂತರೂ ಬರುತ್ತದೆ. ಹಾಗಾಗಿ ನಾನು ಪುಟದ ಮೇಲೇ ಬರೆಯತೊಡಗಿದೆ: 'ಇಲ್ಲಿ ಥೀಮ್ ಬೇಡ. ಫ್ಯಾನಿನ ಸದ್ದು ಸಾಕು.' ನಿರ್ದೇಶಕರು ಒಳ್ಳೆಯವರು, ಮಾತು ಉಳಿಸಿದರು. ಬರಹಗಾರರು ಮಾತಿನ ಬಗ್ಗೆ ತಲೆ ಕೆಡಿಸಿಕೊಂಡಷ್ಟು ಇದರ ಬಗ್ಗೆಯೂ ಕೆಡಿಸಿಕೊಳ್ಳಬೇಕು. ಒಂದು ನಡವಳಿಕೆ ಪ್ರೀತಿಯೋ ಭಯವೋ ಅಂತ ಪ್ರೇಕ್ಷಕರಿಗೆ ಮೊದಲು ಹೇಳುವುದು ಕಿವಿ.

ಅವನಿಗೊಂದು ಹಳೆಯ ನೋವಿತ್ತು. ಅವನು ಚಿಕ್ಕವನಿದ್ದಾಗ ತಾಯಿ ಮನೆ ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಇಂಥದ್ದನ್ನು ಮುಚ್ಚಿಟ್ಟು ನೂರಾರು ಎಪಿಸೋಡ್ ಆದ ಮೇಲೆ ಬಿಚ್ಚುವುದು ಪದ್ಧತಿ. ಹಾಗೆ ಬಿಚ್ಚಿದರೆ ಅದು ಅವನು ಅಲ್ಲಿಯವರೆಗೆ ಮಾಡಿದ್ದಕ್ಕೆಲ್ಲ ಮಾಫಿ ಆಗಿಬಿಡುತ್ತದೆ. 'ಪಾಪ, ಅದಕ್ಕೇ ಹಾಗಾಡ್ತಾನೆ' ಅಂತ ಜನ ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಎರಡನೇ ವಾರದಲ್ಲೇ ಹೇಳಿಬಿಟ್ಟೆ. ಅವಳಿಗೂ ಮದುವೆಗೆ ಮುಂಚೆ ಗೊತ್ತು. ಗೊತ್ತಿದ್ದೇ ಪ್ರೀತಿಸಿದಳು, ತಾನು ವಾಸಿ ಮಾಡುತ್ತೇನೆ ಅಂತ ನಂಬಿ ಬಂದಳು. ಇದರಿಂದ ಅವನೂ ಮನುಷ್ಯನಾಗಿ ಉಳಿದ, ನೋವು ಸಬೂಬೂ ಆಗಲಿಲ್ಲ.

ಅವಳನ್ನೂ ದೇವತೆ ಮಾಡಲಿಲ್ಲ. ಗೆಳತಿಯ ಜೊತೆ ಕಾಫಿ ಕುಡಿದು ಬಂದು ಆಡಿಟ್ ಇತ್ತು ಅನ್ನುತ್ತಾಳೆ. ಒಮ್ಮೆ ಬೇಕೆಂದೇ ಫೋನ್ ಆಫ್ ಮಾಡಿ, ಅವನು ಅಂಗಲಾಚುವುದನ್ನು ನೋಡುತ್ತಾಳೆ. ಆ ವಾರ ಅವಳನ್ನು ಬೈದವರು ಬಹಳ. ಬೈಯಲಿ. ನಿಜ ಹೇಳಿದರೆ ಮೂರು ದಿನ ಮನೆಯಲ್ಲಿ ಮೌನ ಅಂತ ಗೊತ್ತಿರುವ ಹೆಂಗಸು ಸುಳ್ಳನ್ನು ಎಷ್ಟು ಬೇಗ ಕಲಿಯುತ್ತಾಳೆ ಅನ್ನುವುದನ್ನು ತೋರಿಸದಿದ್ದರೆ ಈ ಕಥೆ ಅರ್ಧ ಮಾತ್ರ.

ಈಗ ಕಿಡ್ನಿಯ ಟ್ರ್ಯಾಕ್, ಅಂದರೆ ಕಥೆಯಲ್ಲಿ ಕಿಡ್ನಿ ದಾನದ ಭಾಗ. ಇದನ್ನು ಹೇಳದೆ ಉಳಿದದ್ದು ಹೇಳಿ ಪ್ರಯೋಜನವಿಲ್ಲ. ಅವಳ ತಾಯಿಗೆ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿರುತ್ತದೆ. ಅಳಿಯ ತಾನೇ ಕೊಡುತ್ತೇನೆ ಅನ್ನುತ್ತಾನೆ. ಚಾನೆಲ್‌ನ ಆಸೆ ಸರಳ: ಈ ತ್ಯಾಗದಿಂದ ಅವನ ತಪ್ಪುಗಳೆಲ್ಲ ತೊಳೆದುಹೋಗಬೇಕು, ಜೋಡಿ ಮತ್ತೆ ಒಂದಾಗಬೇಕು. ನಾನು ಮೊದಲು ಕಾನೂನು ಓದಿದೆ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು ಹತ್ತಿರದ ಸಂಬಂಧಿಕರು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಅಳಿಯ ಆ ಪಟ್ಟಿಯಲ್ಲಿ ಇಲ್ಲ. ಅವನು ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಕೂರಬೇಕು. ದುಡ್ಡಿಗಾಗಿ ಅಲ್ಲ, ಪ್ರೀತಿ ವಿಶ್ವಾಸದಿಂದ ಕೊಡುತ್ತಿದ್ದೇನೆ ಅಂತ ಅವರಿಗೆ ಮನವರಿಕೆಯಾಗಬೇಕು. ದಾನಿಯ ಮನೆಯವರನ್ನೂ ಸಮಿತಿ ಮಾತಾಡಿಸುತ್ತದೆ, ಅವರ ಆಕ್ಷೇಪಣೆ ಇದ್ದರೆ ಬರೆದುಕೊಳ್ಳುತ್ತದೆ.

ದಾನಿಯ ಮನೆಯವರು ಅಂದರೆ ಅವಳೇ ಅಲ್ವಾ? ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಡೀ ಧಾರಾವಾಹಿಯ ಗಂಟು ಆ ಒಂದು ಕೋಣೆಯಲ್ಲಿತ್ತು. ಅಷ್ಟೊತ್ತಿಗೆ ಅವಳು ಮನಸ್ಸಿನಲ್ಲಿ ಗಂಡನನ್ನು ಬಿಡಲು ತೀರ್ಮಾನಿಸಿದ್ದಾಳೆ. ಬೇಡ ಅಂದರೆ ಅಮ್ಮ ಉಳಿಯುವುದಿಲ್ಲ. ಸರಿ ಅಂದರೆ ಅವಳು ಆ ಮನೆಯಿಂದ ಹೊರಡುವ ದಾರಿ ಮುಚ್ಚಿತು. ಸಮಿತಿಯವರು ಅವನನ್ನು ಕೇಳುತ್ತಾರೆ, ಯಾಕೆ ಕೊಡ್ತಿದ್ದೀರಿ? 'ಅವಳ ಅಮ್ಮ ಅಂದ್ರೆ ನನಗೂ ಅಮ್ಮನೇ ಸರ್. ಇರೋ ಒಬ್ಬ ಅಮ್ಮನನ್ನೂ ಕಳ್ಕೊಳ್ಳೋಕೆ ನನ್ ಕೈಲಿ ಆಗಲ್ಲ.' ಅವನು ಸುಳ್ಳು ಹೇಳುತ್ತಿಲ್ಲ. ಒಂದಕ್ಷರವೂ ಸುಳ್ಳಲ್ಲ. ಅವಳನ್ನು ಕೇಳುತ್ತಾರೆ, ನಿಮ್ಮ ಆಕ್ಷೇಪಣೆ ಇದೆಯಾ ಅಮ್ಮಾ? ಅವಳಿಗೆ ನಾನು ಕೊಟ್ಟದ್ದು ಒಂದೇ ಮಾತು: 'ಇಲ್ಲ.' ಕಲಾವಿದೆ ಆ ಮಾತನ್ನು ಹೇಳುವ ಮುಂಚೆ ತೆಗೆದುಕೊಂಡ ಸಮಯವನ್ನು ಎಡಿಟಿಂಗ್‌ನಲ್ಲಿ ಯಾರೂ ಕತ್ತರಿಸಲಿಲ್ಲ.

ಆಪರೇಷನ್ ಆದ ಮೇಲೆ ಅವನು ಅದರ ಬಗ್ಗೆ ಒಮ್ಮೆಯೂ ಬಾಯಿ ಬಿಡುವುದಿಲ್ಲ. ಇದು ನನ್ನ ಮುಖ್ಯ ತೀರ್ಮಾನ. ಅವನು ಎತ್ತಿ ಆಡಿದ್ದರೆ ಕೀಳಾಗಿಬಿಡುತ್ತಿದ್ದ, ಅವಳ ಹಾದಿ ಸಲೀಸಾಗುತ್ತಿತ್ತು. ಮಾತಾಡುವವರು ಉಳಿದವರು. ಸೋದರತ್ತೆ, ಪಕ್ಕದ ಮನೆಯವರು, ಕೊನೆಗೆ ಅವಳ ಅಮ್ಮನೇ: 'ನನ್ನ ಮೈಯೊಳಗೆ ಅವನ ಅಂಗ ಇದೆ ಕಣೇ. ಅವನನ್ನ ಬಿಟ್ಟು ಬಂದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕ್ಲಿ?' ಋಣ ನಮ್ಮಲ್ಲಿ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತು. ಋಣ ತೀರಿಸಲು ಒಬ್ಬ ಹೆಂಗಸು ತನ್ನ ಇಡೀ ಬದುಕನ್ನು ಕೊಡಬೇಕಾ ಅನ್ನುವುದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ನಾನು ಅದನ್ನು ಅವಳ ಬಾಯಲ್ಲಿ ಕೇಳಿಸಿದೆ. ಊಟ ಬಡಿಸುತ್ತಾ, ತಣ್ಣಗೆ. ಕಿರುಚಾಟದಲ್ಲಿ ಕೇಳಿಸಿದ್ದರೆ ಅದು ಇನ್ನೊಂದು ಜಗಳವಾಗುತ್ತಿತ್ತು.

ಅವಳು ಹುಬ್ಬಳ್ಳಿಗೆ ವರ್ಗ ಕೇಳಿ ಪಡೆಯುತ್ತಾಳೆ. ಹೊರಡುವ ವಾರವನ್ನು ಬರೆಯುವಾಗ ಹಿಂಸೆಗೊಳಗಾದ ಹೆಂಗಸರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಮಾತಾಡಿದೆ. ಹೆಂಗಸು ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು, ಅದನ್ನು ಹೂವು ಎತ್ತಿದಷ್ಟು ಸುಲಭ ಅಂತ ತೋರಿಸಬೇಡಿ ಅಂದರು. ಹಾಗಾಗಿ ಅವಳು ಮೊದಲು ದಾಖಲೆಗಳನ್ನು ಗೆಳತಿಯ ಮನೆಯಲ್ಲಿಡುತ್ತಾಳೆ, ತನ್ನ ಹೆಸರಿಗೆ ಬೇರೆ ಖಾತೆ ತೆರೆಯುತ್ತಾಳೆ, ವಕೀಲೆಯನ್ನು ಕಾಣುತ್ತಾಳೆ. ಅದೇ 2005ರ ಕಾಯ್ದೆಯಡಿ, ಗಂಡ ಹೆಂಡತಿಯ ಕೆಲಸದ ಜಾಗಕ್ಕೆ ಬರಬಾರದು, ಫೋನ್ ಮಾಡಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ವಕೀಲೆ ಇದನ್ನು ಹೇಳಿದಾಗ ಅವಳು ಬೆಚ್ಚಿಬೀಳುತ್ತಾಳೆ. 'ಕಾರು ನಿಲ್ಲಿಸೋದಕ್ಕೂ ಕಾನೂನು ಇದೆಯಾ ಮೇಡಂ?' ಅಂಥ ಆದೇಶ ಬೇಕು ಅಂತ ಅವಳು ಅರ್ಜಿ ಹಾಕುವುದಿಲ್ಲ. ಆದರೆ ಇದೆ ಅಂತ ತಿಳಿದುಕೊಂಡು ಹೊರಡುತ್ತಾಳೆ. ಕೊನೆಯ ವಾರದಲ್ಲಿ ಪರದೆಯ ಕೆಳಗೆ ಮಹಿಳಾ ಸಹಾಯವಾಣಿ 181 ಸಂಖ್ಯೆ ಓಡಿಸಿ ಅಂತ ಕೇಳಿಕೊಂಡೆ, ಓಡಿಸಿದರು.

ಮತ್ತೆ ಒಂದಾಗಲಿ ಅನ್ನುವ ಒತ್ತಡ ಕೊನೆಯ ದಿನದವರೆಗೂ ಇತ್ತು. ಪ್ರೇಕ್ಷಕರಲ್ಲೂ ಅರ್ಧಕ್ಕರ್ಧ ಜನ ಅದನ್ನೇ ಬಯಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವನ ಪ್ರೀತಿಯನ್ನು ಅಷ್ಟು ನಿಜ ಮಾಡಿ ಬರೆದವಳು ನಾನೇ. ಅವನು ಸಮಾಲೋಚನೆಗೆ ಹೋಗಲು ಶುರು ಮಾಡುವುದನ್ನು ಬರೆದೆ. ಬದಲಾದ ಅಂತ ಬರೆಯಲಿಲ್ಲ, ಅಷ್ಟು ಬೇಗ ಯಾರೂ ಬದಲಾಗುವುದಿಲ್ಲ. ಅವಳು ಅಮ್ಮನನ್ನು ನೋಡಲು ತಿಂಗಳಿಗೊಮ್ಮೆ ಮೈಸೂರಿಗೆ ಬರುತ್ತಾಳೆ. ಬಂದಾಗ ಅವನನ್ನು ಭೇಟಿಯಾಗುವುದೋ ಬೇಡವೋ ಅನ್ನುವುದನ್ನು ಅವಳೇ ತೀರ್ಮಾನಿಸುತ್ತಾಳೆ. ಒಮ್ಮೆ ಭೇಟಿಯಾಗುತ್ತಾಳೆ, ಇನ್ನೊಮ್ಮೆ ಇಲ್ಲ. ಕಥೆಯನ್ನು ಅಲ್ಲಿಗೆ ಬಿಟ್ಟೆ.